ನಾನ್ನೂರ ಒಂದನೆಯ ಆಟಗಾರ

"ಈ ನಾನ್ನೂರ ಒಂದನೆಯವನು ಯಾರು ನಂಜುಂಡಸ್ವಾಮಿಯೋರೆ?"

ಕಂಪ್ಯೂಟರ್ ಪರದೆಯಿಂದ ಕಣ್ಣು ತೆಗೆಯದೆ ಕೇಳಿದೆ. ಡೇಟಾ ಸೆಂಟರಿನ ಮಾಲೀಕರು ನನ್ನ ಬೆನ್ನ ಹಿಂದೆ ಬಂದು ಬಗ್ಗಿ ನೋಡಿದರು.

"ನಾನ್ನೂರ ಒಂದಾ? ಅಮೆರಿಕದೋರು ಕಳಿಸಿದ ಪಟ್ಟಿ ನಾನ್ನೂರಕ್ಕೇ ಮುಗೀತದೆ ಕಣ್ರೀ."

"ನಿಮ್ಮ ಫೈಲಲ್ಲಿ ಮುಗಿದಿಲ್ಲ. ನೋಡಿ."

ನೋಡಿದರು. ಮೇಲೆ ಫ್ಯಾನು ತಿರುಗುತ್ತಿದ್ದರೂ ಕರ್ಚೀಫು ತೆಗೆದು ಹಣೆ ಒರೆಸಿಕೊಂಡರು. ನಾನ್ನೂರು ಜನ ಆಟಗಾರರ ಹೆಸರೂ ನಮ್ಮ ನಾಲಿಗೆ ಹೊರಳದ ಇಂಗ್ಲಿಷ್ ಹೆಸರು. ಕೊನೆಯ ಸಾಲಿನಲ್ಲಿ ಮಾತ್ರ 'ಎಸ್. ಹಾರನಹಳ್ಳಿ' ಅಂತ ಇತ್ತು.

ಈ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗ ಶಶಿ ಕಾಣೆಯಾಗಿ ಅಂದಿಗೆ ಎಂಟು ದಿನ. ಅವನ ತಾಯಿ ಚಿಕ್ಕಬೀರಮ್ಮ ಹಾರನಹಳ್ಳಿಯಿಂದ ಬಂದು ನಮ್ಮ ಜಗಲಿಯ ಮೇಲೆ ಕೂತು, "ನನ್ನ ಮಗನ್ನ ಹುಡುಕಿಕೊಡು ರೈಟ್ರಪ್ಪಾ" ಅಂತ ಸೆರಗು ಬಾಯಿಗೆ ಹಿಡಿದು ಐದು ದಿನ. ಆ ಐದು ದಿನದಲ್ಲಿ ನಾನು ಕಡಿದು ಕಟ್ಟೆ ಹಾಕಿದ್ದು ಏನೂ ಇಲ್ಲ. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಹಗಲು ಅನ್ನ ಸೇರುತ್ತಿರಲಿಲ್ಲ.

ಪತ್ತೇದಾರ ತಿಮ್ಮಯ್ಯ ಅನ್ನುವುದು ಊರವರು ನನಗೆ ಕಟ್ಟಿದ ಹೆಸರು. ನಾನು ಇಪ್ಪತ್ತೆಂಟು ವರ್ಷ ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದವನು. ಜನ ಹೇಳಿದ್ದನ್ನು ಬರೆದುಕೊಳ್ಳುವುದು, ಕಾಗದ ಹೊಲಿಯುವುದು, ಇಷ್ಟೇ ಕೆಲಸ. ಆದರೆ ಬರೆದೂ ಬರೆದೂ ಒಂದು ವಿದ್ಯೆ ಬಂದಿತ್ತು. ಯಾರು ಕಂಡದ್ದನ್ನು ಹೇಳುತ್ತಿದ್ದಾರೆ, ಯಾರು ಕೂತಲ್ಲೇ ಹೊಸೆಯುತ್ತಿದ್ದಾರೆ ಅನ್ನುವುದು ಕಾಗದ ನೋಡಿದರೆ ಗೊತ್ತಾಗಿಬಿಡುತ್ತಿತ್ತು.

ಈ ಡೇಟಾ ಸೆಂಟರಿನ ಕೆಲಸಕ್ಕೂ ಅದೇ ವಿದ್ಯೆ ಬೇಕಿತ್ತು. ಬೇಸ್‌ಬಾಲ್ ಅಂತ ಒಂದು ಆಟ. ನಮ್ಮ ಚಿನ್ನಿದಾಂಡಿಗೂ ಕ್ರಿಕೆಟ್ಟಿಗೂ ನಂಟಸ್ತನ ಬೆಳೆದರೆ ಹೇಗಿರುತ್ತದೋ ಹಾಗೆ. ಅಮೆರಿಕದ ಒಂದು ಕಂಪನಿ ಅದನ್ನು ಕಂಪ್ಯೂಟರಿನಲ್ಲಿ ಆಡುವ ಗೇಮ್ ಮಾಡುತ್ತಿದೆ. ಅದರೊಳಗೆ ಇನ್ನೂ ಹೆಸರು ಮಾಡದ, ಮುಂದೆ ಮಾಡಬಹುದಾದ ಹುಡುಗರನ್ನೂ ಸೇರಿಸಬೇಕು. ಅಂಥ ನಾನ್ನೂರು ಹುಡುಗರ ಆಟದ ವೀಡಿಯೋಗಳನ್ನು ಹುಣಸೂರಿಗೆ ಕಳಿಸಿದ್ದಾರೆ. ಇಲ್ಲಿನವರು ಅದನ್ನು ಕೂತು ನೋಡಿ ಒಬ್ಬೊಬ್ಬನಿಗೂ ಆರು ಅಂಕಿ ಹಾಕಬೇಕು. ಕಣ್ಣು, ಹೊಡೆತ, ಬಲ, ಎಸೆತ, ಹಿಡಿತ, ಓಟ.

ಅಂಕಿ ಇಪ್ಪತ್ತರಿಂದ ಎಂಬತ್ತರವರೆಗೆ, ಐದೈದರ ಲೆಕ್ಕದಲ್ಲಿ. ಐವತ್ತು ಅಂದರೆ ಪರವಾಗಿಲ್ಲ. ಎಂಬತ್ತು ಅಂದರೆ ನೂರು ವರ್ಷಕ್ಕೊಬ್ಬ. ಇಪ್ಪತ್ತು ಅಂದರೆ ಕೈಲಾಗದವನು. ಅದರ ಕೆಳಗೆ ಅಂಕಿಯೇ ಇಲ್ಲ.

"ಹುಟ್ಟಿದ ದಿನ ನೋಡಿ," ಅಂದೆ. "ಶಶಿಯ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇರೋದೇ. ಎತ್ತರ ಐದಡಿ ಏಳು. ಎಡಚ. ಇದು ಶಶಿಯೇ."

"ಅವನು ತನಗೆ ತಾನೇ ಅಂಕಿ ಹಾಕ್ಕೊಂಡವ್ನಾ? ತಮಾಷೆಗೆ?"

"ಶಶಿ ಹೋದದ್ದು ಎಂಟು ದಿನದ ಹಿಂದೆ. ಈ ಸಾಲು ಹುಟ್ಟಿದ್ದು ಆರು ದಿನದ ಹಿಂದೆ. ಆಮೇಲೆ ದಿನಾ ಯಾರೋ ತಿದ್ದಿದ್ದಾರೆ."

ಪ್ರತಿ ತಿದ್ದುಪಡಿಯೂ ಅದರ ಹೊತ್ತಿನ ಜೊತೆ ದಾಖಲಾಗುವ ಹಾಗೆ ಕಂಪನಿಯವರೇ ಮಾಡಿಟ್ಟಿದ್ದರು. ಆರು ದಿನವೂ ಸಂಜೆ ಐದು ದಾಟಿ ನಾಲ್ಕೈದು ನಿಮಿಷಕ್ಕೆ. ಎಸೆತ ಅರವತ್ತೈದು, ಅದು ಬದಲಾಗಿರಲಿಲ್ಲ. ಕಣ್ಣು ಅರವತ್ತು, ಅದೂ ಹಾಗೇ. ಓಟ ಮಾತ್ರ ಇಳಿಯುತ್ತಾ ಬಂದಿತ್ತು. ಐವತ್ತೈದು. ಐವತ್ತು. ನಲವತ್ತೈದು. ಮೂವತ್ತೈದು. ಮೂವತ್ತು. ನಿನ್ನೆ ಇಪ್ಪತ್ತೈದು.

ಶಶಿ ಎಲ್ಲೋ ಇದ್ದಾನೆ. ಅವನ ಕಾಲಿಗೆ ಏನೋ ಆಗಿದೆ, ಮತ್ತು ಅದು ದಿನದಿನಕ್ಕೂ ಹದಗೆಡುತ್ತಿದೆ. ಇವತ್ತು ಅದು ಎಲ್ಲಿಗೆ ಇಳಿಯುತ್ತದೆ ಅನ್ನುವುದಕ್ಕೆ ಪಂಚಾಂಗ ನೋಡಬೇಕಿರಲಿಲ್ಲ.

ಗೋಡೆಯ ಗಡಿಯಾರ ನಾಲ್ಕು ಗಂಟೆ ತೋರಿಸುತ್ತಿತ್ತು.

"ಶನಿವಾರ ಪೂರ್ತಿ ಫೈಲು ಹೋಗಬೇಕು," ಅಂದರು ನಂಜುಂಡಸ್ವಾಮಿ. "ಇದೇನಾದ್ರೂ ಕಂಪನಿಗೆ ಗೊತ್ತಾದ್ರೆ ಮುಂದಿನ ಕೆಲಸ ಕೈಬಿಟ್ಟೋಯ್ತದೆ. ಹದಿನಾಲ್ಕು ಜನರ ಅನ್ನ ತಿಮ್ಮಯ್ಯನೋರೆ."

"ಶಶಿಯ ಅನ್ನದ ಬಗ್ಗೆಯೂ ಒಸಿ ಯೋಚನೆ ಮಾಡಿ," ಅಂದೆ. ಮಾತು ಬಿರುಸಾಯಿತು. ಆಗಲಿ. ಅವರು ಮುಖ ಗಂಟಿಕ್ಕಿಕೊಂಡು ಜನರೇಟರಿಗೆ ಡೀಸೆಲ್ ತರಬೇಕು ಅಂತ ಕ್ಯಾನು ಹಿಡಿದು ಹೊರಟರು.

ನಾನೂ ಮೆಟ್ಟಿಲಿಳಿದು ಕೆಳಗೆ ಬಂದೆ. ಟೀ ಅಂಗಡಿಯ ಬೆಂಚಿನ ಮೇಲೆ ಮಂಟಯ್ಯ ಕೂತಿದ್ದ. ಪಕ್ಕದಲ್ಲಿ ಅವನ ಮೊಪೆಡ್ಡು, ಚಕ್ರಕ್ಕೆಲ್ಲ ಕೆಂಪು ಮಣ್ಣು.

ಮಂಟಯ್ಯ ನನ್ನ ಜೊತೆ ಮೂರನೇ ಕ್ಲಾಸಿನಿಂದ ಇರುವವನು. ಪಿರಿಯಾಪಟ್ಟಣ, ಹುಣಸೂರು ಸುತ್ತ ತಂಬಾಕಿನ ಎಲೆಯ ದರ್ಜೆ ಹೇಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಬ್ಯಾರನ್ ಮನೆಯ ಕಾವಿನಲ್ಲಿ ಬೇಯಿಸಿ ಇಳಿಸಿದ ಎಲೆಯನ್ನು ಎರಡು ಬೆರಳಲ್ಲಿ ಉಜ್ಜಿ ಇದು ಒಂದು, ಇದು ಎರಡು, ಇದು ಕಸ ಅಂತ ಹೇಳಿಬಿಡುತ್ತಾನೆ. ಅಂಕಿ ಹಾಕುವುದು ಅಂದರೇನು ಅಂತ ಈ ಸೆಂಟರಿನ ಹುಡುಗ ಹುಡುಗಿಯರಿಗೆ ಕಲಿಸಿಕೊಡಲು ನಂಜುಂಡಸ್ವಾಮಿ ಮೊದಮೊದಲು ನಾಲ್ಕು ದಿನ ಕರೆಸಿದ್ದು ಅವನನ್ನೇ. ಈ ಐದು ದಿನ ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಮೂರು ತಾಲೂಕು ಸುತ್ತಿಸಿದವನೂ ಅವನೇ.

"ಬೆಳಿಗ್ಗೆ ಯಾಕ್ಲಾ ಅಷ್ಟು ತಡ?" ಅಂದೆ.

"ವೀರನಹೊಸಳ್ಳಿ ತಾವ ಒಂದು ಹಸ ನೋಡಕ್ಕೋಗಿದ್ದೆ ಕಣ್ಲಾ. ಹಾಲು ಕಮ್ಮಿ, ಬ್ಯಾಡ ಅಂದ್ಬುಟ್ಟೆ." ಟೀ ಲೋಟವನ್ನು ನನ್ನ ಎಡಗೈಗೇ ಕೊಟ್ಟ. "ಭುಜ ಎಂಗದೆ?"

"ಮೆಲ್ಲಗೆ ಮಾತಾಡು ಮಾರಾಯ."

ಮೊನ್ನೆ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದಿದ್ದೆ. ಹೆಂಡತಿ ಕೆ.ಆರ್. ನಗರಕ್ಕೆ ಮಗಳ ಮನೆಗೆ ಹೋಗಿದ್ದಳು. ಮಂಟಯ್ಯನೇ ಎತ್ತಿ ಕೂರಿಸಿ, ಎಳ್ಳೆಣ್ಣೆ ಬಿಸಿ ಮಾಡಿ ಉಜ್ಜಿದ. ಬರೆಯಲು ತೊಂದರೆಯಿಲ್ಲ, ಚೀಲ ಹಿಡಿಯಲೂ ಆಗುತ್ತದೆ. ಬಲಗೈ ಕಿವಿಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ, ಅಷ್ಟೇ. ಹೆಂಡತಿಗೆ ಗೊತ್ತಾದರೆ ನನ್ನ ಓಡಾಟಕ್ಕೆ ಕಲ್ಲು ಬೀಳುತ್ತದೆ ಅಂತ ಎಡಗೈಯಲ್ಲೇ ತಲೆ ಬಾಚಿಕೊಂಡು ಎರಡು ದಿನ ದೂಡಿದ್ದೆ.

ಅವನಿಗೆ ಆ ಸಾಲಿನ ವಿಷಯ ಹೇಳಿದೆ. ದಾಖಲಾದ ಹೊತ್ತುಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ, ಅದನ್ನೂ ಓದಿದೆ. ಓಟ ಐದು ಗಂಟೆ ನಾಲ್ಕು ನಿಮಿಷಕ್ಕೆ. ಆಮೇಲೆ ಹಿಡಿತ, ಎಸೆತ, ಬಲ, ಹೊಡೆತ. ಕಣ್ಣು ಕೊನೆಗೆ.

"ಫಾರಂನಲ್ಲಿ ಕಣ್ಣು ಮೇಲಿದೆ, ಓಟ ಅಡಿಗಿದೆ. ಇವರು ಉಲ್ಟಾ ತುಂಬಿದ್ದಾರೆ. ಯಾಕೆ?"

ಮಂಟಯ್ಯ ಬೀಡಿ ಹಚ್ಚಿದ.

"ಉಲ್ಟಾ ಅಲ್ಲ ಕಣ್ಲಾ ಅದು. ತಂಬಾಕು ಮುರಿಯೋದೇ ಅಡಿಯಿಂದ. ಅಡಿ ಎಲೆ ಮೊದ್ಲು ಹಣ್ಣಾಯ್ತದೆ, ಅದ್ಕೆ ದರ್ಜೆನೂ ಅಡಿ ಎಲೆಯಿಂದ್ಲೇ. ಮೇಗ್ಳ ಚೆಂದದ ಎಲೆ ಮೊದ್ಲು ನೋಡ್ಬುಟ್ರೆ ಕಣ್ಣು ಕೆಡ್ತದೆ. ನಾನು ಈ ಮಕ್ಳಿಗೆ ಅಂಗೇ ಯೋಳ್ಕೊಟ್ಟಿದ್ದೆ. ಕಾಲಿಂದ ಶುರು ಮಾಡಿ ಅಂತ."

"ಈಗಲೂ ಹಾಗೆ ಮಾಡೋರು ಯಾರ್ಯಾರು?"

"ಪ್ಯಾಟೆ ಮಕ್ಳು ಒಂದು ವಾರಕ್ಕೇ ಬುಟ್ಬುಟ್ರು. ಹಗಲು ಪಾಳಿಲಿ ಶಶಿ ಒಬ್ಬ. ರಮ್ಯಾ ಒಬ್ಳು."

ಲೋಟ ಕೆಳಗಿಟ್ಟು ಎದ್ದೆ. ಮಂಟಯ್ಯನೂ ಏಳಲು ಹೋದ. ಬೇಡ, ಹುಡುಗಿ ಹೆದರುತ್ತಾಳೆ, ಇಲ್ಲೇ ಇರು ಅಂದೆ.

ರಮ್ಯಾ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ವೀಡಿಯೋ ನೋಡುತ್ತಿದ್ದಳು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿ. ಅವಳ ತಾಯಿ ಇಂದಿಗೂ ಹಾರನಹಳ್ಳಿಯ ಹತ್ತಿರ ಬ್ಯಾರನ್ನಿನಲ್ಲಿ ಎಲೆ ಆರಿಸುತ್ತಾಳೆ. ಪಕ್ಕದ ಫ್ಯಾಕ್ಸ್ ರೂಮಿಗೆ ಕರೆದು ಬಾಗಿಲು ಮುಂದೆ ಮಾಡಿದೆ.

"ನಾನ್ನೂರ ಒಂದನ್ನ ದಿನಾ ಬರೀತಿರೋಳು ನೀನೇ ಕಣವ್ವ."

"ಯಾವುದು ಸಾರ್?"

"ಕಾಲಿನಿಂದ ಶುರು ಮಾಡಿ ಕಣ್ಣಿಗೆ ಮುಗಿಸಿದ್ದೀಯ. ಶಶಿ ಇಲ್ಲಿಲ್ಲ. ಉಳಿದದ್ದು ನೀನು."

"ನನ್ನ ಸಿಸ್ಟಮಲ್ಲಿ ಬೇರೆ ಯಾರಾದ್ರೂ ಕೂತಿರಬೋದು. ಸಂಜೆ ಪಾಳಿಯೋರು..."

"ಸಂಜೆ ಪಾಳಿ ಬರೋದು ಐದೂವರೆಗೆ. ಸುಳ್ಳನ್ನ ಇಪ್ಪತ್ತೆಂಟು ವರ್ಷ ಬರಕೊಂಡವನು ನಾನು. ನನಗೆ ಇನ್ನೊಂದು ಬರೆಸಬೇಡ."

ಅವಳ ಕಣ್ಣು ಮೇಜಿನ ಮೇಲಿದ್ದ ಫೋನಿನ ಕಡೆ ಹೋಯಿತು, ಅಲ್ಲಿಂದ ಗಡಿಯಾರಕ್ಕೆ. ನಾಲ್ಕೂ ನಲವತ್ತು. ಆ ನೋಟ ನನಗೆ ಸಾಕಾಯಿತು.

"ಐದಕ್ಕೆ ಫೋನು ಬರುತ್ತಾ?"

ರಮ್ಯಾ ಅಲ್ಲೇ ಕುಸಿದು ಕೂತು ಅಳತೊಡಗಿದಳು. ಅಳಲಿ ಅಂತ ಬಿಟ್ಟೆ.

"ಮೊದಲನೇ ದಿನ ಯಾರೋ ಗಂಡಸು ಮಾತಾಡ್ದ ಸಾರ್. ಬಾಯಿಗೆ ಬಟ್ಟೆ ಇಟ್ಕೊಂಡಂಗಿತ್ತು. ಶನಿವಾರ ಫೈಲು ಹೋಗೋವರ್ಗೂ ಬಾಯಿ ಬಿಡಬ್ಯಾಡ, ಬಿಟ್ರೆ ಶಶಿ ಬದುಕಲ್ಲ ಅಂದ. ನಂಬಿಕೆ ಇಲ್ದಿದ್ರೆ ದಿನಾ ಐದಕ್ಕೆ ಅವನ ದನಿ ಕೇಳಿಸ್ತೀನಿ ಅಂದ. ಶಶಿ ಬರೀ ಅಂಕಿ ಹೇಳ್ತಾನೆ. ಬೇರೆ ಮಾತಾಡಕ್ಕೆ ಬಿಡಲ್ಲ. ಹಿಡಿದಿಟ್ಟೋರು ಅದನ್ನ ಆಫೀಸಿನ ಕೆಲಸ ಅಂದ್ಕೊಂಡವ್ರೆ ಅನ್ಸುತ್ತೆ. ನಾನು ಫೈಲಲ್ಲಿ ಬರೆದಿಟ್ಟೆ. ಯಾರಾದ್ರೂ ಒಬ್ಬರು ನೋಡ್ಲಿ ಅಂತ. ಬಾಯಿ ಬಿಡಬ್ಯಾಡ ಅಂದಿದ್ದ, ಬರೀಬ್ಯಾಡ ಅಂದಿರ್ಲಿಲ್ವಲ್ಲ ಸಾರ್."

ಜಾಣೆ. ಆರು ದಿನ ಒಬ್ಬಳೇ ಇದನ್ನು ಹೊತ್ತುಕೊಂಡು ಓಡಾಡಿದ್ದಾಳೆ. ನಮ್ಮ ಠಾಣೆಯ ಎಷ್ಟೋ ಗಂಡಸರಿಗೆ ಇಷ್ಟು ಎದೆ ಇರಲಿಲ್ಲ.

"ಶಶಿ ಮೇಲೆ ಯಾರಿಗೆ ಕೋಪ?"

"ನೂರಿಪ್ಪತ್ತು ಆಟಗಾರರಿಗೆ ಯಾರೋ ವೀಡಿಯೋ ನೋಡದೇನೆ ಅಂಕಿ ಹಾಕವ್ರೆ ಅಂತ ಕಂಡುಹಿಡಿದಿದ್ದ. ಸಂಜೆ ಪಾಳಿಲಿ ಆಗಿರೋದು."

ಅದನ್ನು ನಾನೂ ಮೂರು ದಿನದ ಹಿಂದೆ ಸಂಜೆ ಪಾಳಿಯ ಪುಟಗಳನ್ನಷ್ಟೇ ನೋಡಿದಾಗ ಕಂಡಿದ್ದೆ. ಆ ನೂರಿಪ್ಪತ್ತು ಸಾಲು ಠಾಣೆಯಲ್ಲಿ ಕೂತು ಬರೆದ ಸ್ಥಳ ಮಹಜರಿನ ಹಾಗಿತ್ತು. ಎಲ್ಲಾ ಮನೆಗೂ ಎರಡು ಬಾಗಿಲು, ಒಂದು ಕಿಟಕಿ. ಎಲ್ಲಾ ಆಟಗಾರರಿಗೂ ನಲವತ್ತೈದು, ಐವತ್ತು, ಐವತ್ತೈದು. ಕಣ್ಣಾರೆ ನೋಡಿ ಬರೆದ ಅಂಕಿ ಹಾಗಿರುವುದಿಲ್ಲ. ಕಾಲು ಚುರುಕಾಗಿರುವವನ ಕೈ ಮೊದ್ದಾಗಿರುತ್ತದೆ. ಬಲ ಇದ್ದವನಿಗೆ ಕಣ್ಣಿರುವುದಿಲ್ಲ. ದೇವರು ಯಾರಿಗೂ ಸಮನಾಗಿ ಬಡಿಸಿಲ್ಲ. ಪಿರಿಯಾಪಟ್ಟಣದಲ್ಲಿದ್ದಾಗ ನಾನೂ ಒಮ್ಮೆ ಸ್ಥಳಕ್ಕೆ ಹೋಗದೆ ಮಹಜರು ಬರೆದಿದ್ದೆ. ಅದರಿಂದ ಒಬ್ಬ ಬಡವ ಮೂರು ತಿಂಗಳು ಒಳಗಿದ್ದ. ಆ ಪಾಪ ಈಗಲೂ ನೆನಪಿಗೆ ಬರುತ್ತದೆ.

ಸಂಜೆ ಪಾಳಿಯಲ್ಲಿ ಇದ್ದವರು ಮೂವರು. ಇಬ್ಬರನ್ನು ಪಟ್ಟಾಗಿ ಕೂರಿಸಿ ವಿಚಾರಿಸಿದ್ದೆ. ಮೂರನೆಯವಳು ಮೀನಾ. ಅವಳು ಮಂಟಯ್ಯನ ಕಿರಿಮಗಳು, ನಾನು ಎತ್ತಿ ಆಡಿಸಿದ ಮಗು. ಅವಳ ಹೆಸರನ್ನು ಪಟ್ಟಿಯಿಂದ ಆಗಲೇ ಹೊಡೆದುಹಾಕಿದ್ದೆ.

"ಯಾರು ಅಂತ ಶಶಿ ಹೇಳಲಿಲ್ವಾ?"

"ಹೇಳ್ಲಿಲ್ಲ ಸಾರ್. ಕಂಪನಿಗೆ ಕಾಗದ ಬರೆದು ಅದನ್ನ ಮಾಡಿದೋರ ಹೆಸರು ಹಾಕಿ ಅಂಟಿಸಿದ್ದ. ಇನ್ನೊಂದು ಸಲ ಅವರನ್ನೇ ಕರೆದು ಕೇಳ್ತೀನಿ, ಒಪ್ಪಿಕೊಂಡ್ರೆ ಹರಿದುಹಾಕೋಣ, ಅಲ್ಲೀವರ್ಗೂ ಇಟ್ಕೋ ಅಂತ ನಂಗೆ ಕೊಟ್ಟ. ಮಾರನೇ ದಿನ ಬರಲೇ ಇಲ್ಲ."

ಅವಳು ಟಿಫನ್ ಬ್ಯಾಗಿನ ಅಡಿಯಿಂದ ಒಂದು ಲಕೋಟೆ ತೆಗೆದು ನನ್ನ ಕೈಗಿಟ್ಟಳು. ಮೂಲೆಗೆ ಸಾರಿನ ಕಲೆ ಹತ್ತಿತ್ತು. ಐದು ದಿನ ನಾನು ಊರೂರು ಅಲೆದು ಹುಡುಕಿದ ಹೆಸರು ಬುತ್ತಿಯ ಡಬ್ಬಿಯ ಕೆಳಗೆ ಇತ್ತು.

ಹರಿಯಲು ಬೆರಳು ಹಾಕಿದೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ರಮ್ಯಾ ನನ್ನ ಮುಖ ನೋಡಿದಳು. "ಇಷ್ಟು ಬೇಗ ಯಾವತ್ತೂ ಬಂದಿಲ್ಲ ಸಾರ್."

ಲಕೋಟೆಯನ್ನು ಹೆಗಲಲ್ಲಿದ್ದ ಬಟ್ಟೆಯ ಚೀಲದೊಳಗೆ ತುರುಕಿ, ಫೋನಿನ ಸ್ಪೀಕರ್ ಗುಂಡಿ ಒತ್ತಲು ಸನ್ನೆ ಮಾಡಿದೆ. ಅವಳು ಒತ್ತಿ, ಪೆನ್ನು ಹಿಡಿದಳು.

"ಹಲೋ."

ಉಸಿರಿನ ಸದ್ದು. ಆಮೇಲೆ ಒಂದು ದನಿ, ಸಣ್ಣದು, ಒಣಗಿದ್ದು.

"ನಾನ್ನೂರ ಒಂದು. ಓಟ ಇಪ್ಪತ್ತು."

ರಮ್ಯಾ ಬಾಯಿಗೆ ಕೈ ಒತ್ತಿಕೊಂಡಳು. ನಾನು ಅವಳ ಹೆಗಲು ಹಿಡಿದೆ. ಅವನು ಬದುಕಿದ್ದಾನೆ, ಅಷ್ಟು ಸಾಕು ಅಂತ ನನಗೆ ನಾನೇ ಹೇಳಿಕೊಂಡೆ. ಚಿಕ್ಕಬೀರಮ್ಮನಿಗೆ ಹೇಳಲು ಒಂದು ಮಾತಾದರೂ ಸಿಕ್ಕಿತು.

"ಹಿಡಿತ ಮೂವತ್ತು. ಎಸೆತ ಅರವತ್ತೈದು. ಬಲ ಇಪ್ಪತ್ತು." ದನಿ ನಿಂತಿತು. ಕಾಗದ ತಿರುವಿದ ಸದ್ದಾಯಿತು. ಮತ್ತೆ ಶುರುವಾದಾಗ ಅದು ಶಶಿಯದೇ ದನಿ, ಆದರೆ ಯಾರೋ ಬರೆದುಕೊಟ್ಟದ್ದನ್ನು ಓದುವ ಹಾಗೆ ತಡವರಿಸುತ್ತಿತ್ತು. "ಇನ್ನೊಬ್ಬ ಅವ್ನೆ. ಹೊಸಬ. ನಾನ್ನೂರ ಎರಡು. ವಯಸ್ಸು ಅರವತ್ತೊಂದು. ಎತ್ತರ ಐದಡಿ ನಾಲ್ಕು. ಓಟ ಮೂವತ್ತು. ಹಿಡಿತ ಐವತ್ತು. ಎಸೆತ ಇಪ್ಪತ್ತು, ಬಲಗೈ ಕಿವಿಗಿಂತ ಮ್ಯಾಕೆ ಏಳಲ್ಲ. ಬಲ ಇಪ್ಪತ್ತೈದು. ಹೊಡೆತ ನಲವತ್ತು. ಕಣ್ಣು ಎಪ್ಪತ್ತು. ಷರಾ, ದೂರದ್ದು ಚೆನ್ನಾಗಿ ಕಾಣ್ತದೆ. ಹತ್ರದ್ದು ಕಾಣಲ್ಲ."

ರಮ್ಯಾಳ ಪೆನ್ನು ಓಡುತ್ತಲೇ ಇತ್ತು.

"ಇವನು ನಾಳೆಯಿಂದ ಮನೇಲಿ ಇರಬೇಕು. ಹುಡುಕಾಟ ನಿಲ್ಲಿಸಬೇಕು. ನಿಲ್ಲಿಸದಿದ್ರೆ ನಾನ್ನೂರ ಒಂದನ್ನ ಪಟ್ಟಿಯಿಂದ ತೆಗೀರಿ."

ಫೋನು ಕಟ್ಟಾಯಿತು.

"ಯಾರು ಸಾರ್ ಈ ನಾನ್ನೂರ ಎರಡು?" ರಮ್ಯಾ ಬರೆದದ್ದನ್ನೇ ನೋಡುತ್ತಿದ್ದಳು. "ನಮ್ಮಲ್ಲಿ ಅಷ್ಟು ವಯಸ್ಸಾದೋರು ಯಾರೂ ಇಲ್ಲ. ಕೈ ಏಳದವರಂತೂ ಇಲ್ವೇ ಇಲ್ಲ."

ನಾನು ಬಲಗೈ ಎತ್ತಿದೆ. ಕಿವಿಯ ಹತ್ತಿರ ಬಂದು ಅದು ನಿಂತಿತು. ಬೆವರು ಇಳಿಯಿತು.

ಅವಳು ಪೆನ್ನು ಕೆಳಗಿಟ್ಟಳು.

ಹೊಸೆದು ಬರೆದ ಅಂಕಿಯಲ್ಲ ಇದು. ಹೊಸೆದವನು ಮುದುಕನಿಗೆ ಎಲ್ಲಕ್ಕೂ ಮೂವತ್ತು ಹಾಕಿ ಕೈ ತೊಳೆದುಕೊಳ್ಳುತ್ತಿದ್ದ. ನನ್ನ ಹಿಡಿತಕ್ಕೆ ಐವತ್ತು ಕೊಟ್ಟವನು ನಾನು ಈಗಲೂ ಗಟ್ಟಿಯಾಗಿ ಹಿಡಿಯಬಲ್ಲೆ ಅಂತ ಬಲ್ಲವನು. ಇವನು ನನ್ನನ್ನು ಹತ್ತಿರದಿಂದ, ಬಹಳ ದಿನ, ಎಲೆ ನೋಡಿದ ಹಾಗೆ ನೋಡಿದ್ದಾನೆ. ಕಾಲಿನಿಂದ ಶುರು ಮಾಡಿ ಕಣ್ಣಿಗೆ ಮುಗಿಸಿದ್ದಾನೆ.

"ನಿಮ್ಮ ಕೈ ವಿಷಯ ಯಾರಿಗೆ ಗೊತ್ತಿತ್ತು ಸಾರ್?"

ಗೊತ್ತಿದ್ದದ್ದು ಒಬ್ಬನಿಗೇ. ಐವತ್ತು ವರ್ಷದ ಸ್ನೇಹವನ್ನು ಒಂದು ಅಂಕಿಗಾಗಿ ಹೊಡೆದುಹಾಕಲು ಮನಸ್ಸು ಒಪ್ಪಲಿಲ್ಲ. ಮೊಪೆಡ್ಡಿನ ಚಕ್ರದ ಕೆಂಪು ಮಣ್ಣು ನೆನಪಾಯಿತು. ಬೆಳಿಗ್ಗೆ ನೋಡಲು ಹೋದ ಹಾಲು ಕಮ್ಮಿಯ ಹಸು ನೆನಪಾಯಿತು; ಚೀಟಿ ಬರೆದುಕೊಟ್ಟು ಬರಲು ಅಷ್ಟು ಹೊತ್ತು ಸಾಕು. ನಾನು ವಿಚಾರಿಸದೆ ಬಿಟ್ಟ ಮೀನಾ ನೆನಪಾದಳು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿತು. ಆ ನಡಿಗೆ ಯಾರದು ಅಂತ ಕತ್ತಲಲ್ಲೂ ಹೇಳಬಲ್ಲೆ.

ಬಾಗಿಲು ತಳ್ಳಿ ಮಂಟಯ್ಯ ತಲೆ ಹಾಕಿದ. ಮೂರನೇ ಕ್ಲಾಸಿನಿಂದ ಕಂಡ ಅದೇ ಮುಖ, ಅದೇ ಅಕ್ಕರೆ. ರಮ್ಯಾ ಬರೆದ ಹಾಳೆಯನ್ನು ಮಗುಚಿಟ್ಟಳು.

"ಮಳೆ ಬರಂಗದೆ, ಏಳ್ಲಾ ಓಗನ," ಅಂದ. ನನ್ನ ಹೆಗಲ ಕಡೆ ಕೈ ಚಾಚಿದ. "ಚೀಲ ಇತ್ಲಾಗ್ ಕೊಡು, ನಾನು ಇಡ್ಕತೀನಿ. ಆ ಕೈ ನೋಯಿಸ್ಕಬ್ಯಾಡ."

ಶಶಿಯ ಲಕೋಟೆ ಆ ಚೀಲದಲ್ಲೇ ಇತ್ತು.